ನನ್ನ ತಮ್ಮನ ನೀರಾಗಿನ ಹೊಲ

ನನ್ನ ತಮ್ಮಗ ತಲಿ ಕೆಟ್ಟದ ಅಂತ ಓಣಿ ಮಂದಿ ಹೇಳ್ತಾರ. ಸುಳ್ಳು. ಕೆಡಬೇಕಂದ್ರ ಅದು ಮೊದಲು ನೆಟ್ಟಗ ಇರಬೇಕಲ್ಲ! ಆಂವ ಹುಟ್ಟಿದಾಗಿಂದ ನೋಡೀನಿ ನಾನು. ಆವಾಗಿಂದ ಹಿಂಗೇ ಅದಾನ.

ಕಣ್ಣು ಹೋಗ್ತಾವ ಅಂತ ಡಾಕ್ಟರು ಹೇಳಿದ್ರ ಬ್ಯಾರೆ ಮನುಷ್ಯಾ ಏನು ಮಾಡ್ತಾನ? ಅಳ್ತಾನ. ಹರಕಿ ಹೊರ್ತಾನ. ಇಲ್ಲಂದ್ರ ಹೊರಗ ಬಂದು ಡಾಕ್ಟರಿಗೆ ನಾಕು ಬೈತಾನ. ನನ್ನ ತಮ್ಮ ಏನು ಮಾಡಿದ ಗೊತ್ತೇನ್ರಿ? ಬರೇ ನೋಡಿಕೋತ ಕೂಡೋ ಶೋಕಿ ಒಂದು ಹಚ್ಚಿಕೊಂಡ! ಗಾಜಿನ ಪೆಟ್ಟಿಗಿಗೆ ನೀರು ತುಂಬೋದು, ನೀರಾಗ ಹುಲ್ಲು ಬೆಳಸೋದು, ಹುಲ್ಲಿನಾಗ ಮೀನ ಬಿಡೋದು. ಕಿವಿ ಕೇಳದಂಗ ಆಗೋ ಮನುಷ್ಯಾ ಹಾರ್ಮೋನಿಯಂ ಪೆಟ್ಟಿಗಿ ತಂದು ಇಟ್ಟುಕೊಂಡಂಗ!

ಆಂವ ಗೌಂಡಿ. ಗ್ವಾಡಿ ಕಟ್ಟೋದು, ಸಿಮೆಂಟು ಬಳದು ಗಿಲಾವು ಮಾಡೋದು, ಅದೇ ಜನ್ಮ. ಕಲಬುರಗ್ಯಾಗ ಸೇಡಂ ರಸ್ತೆ ಕಡೆ ಬಸ್ಸಿನಾಗ ಹೊಂಟ್ರ ಕಿಟಕ್ಯಾಗಿಂದ ಕೈ ಹಾಕಿ ತೋರಸ್ತಿದ್ದ, "ಯಕ್ಕಾ, ಆ ಮನಿ ಗಿಲಾವು ನಂದು. ಈ ಮನಿದೂ ನಂದೇ." ಲಗ್ನ ಮಾಡಿಕೋ ಅಂದ್ರ, "ಹಿಡದ ಗ್ವಾಡಿ ಮುಗೀಲಿ" ಅಂತಿದ್ದ. ಒಂದು ಗ್ವಾಡಿ ಮುಗದ್ರ ಇನ್ನೊಂದು. ಹಂಗೇ ವಯಸ್ಸು ಮುಗದು ಹೋತು. ನನ್ನ ಗಂಡ ಸತ್ತ ಮ್ಯಾಲ ನಾನೂ ಒಬ್ಬಾಕಿ, ಆಂವನೂ ಒಬ್ಬಂವ. ಎರಡು ಒಲಿ ಯಾಕ ಅಂತ ಒಂದೇ ಮನ್ಯಾಗ ಇದ್ದೀವಿ. ಪ್ರೀತಿಗೀತಿ ಏನಿಲ್ಲ. ಗ್ಯಾಸ್ ಉಳೀತದ.

ಸಕ್ಕರಿ ಬ್ಯಾನಿ ಆಂವಗ ಎಂದ ಬಂತೋ ಆಂವಗೇ ಗೊತ್ತಿಲ್ಲ. ಕೆಲಸದ ಜಾಗಾದಾಗ ಮ್ಯಾಲಿಂದ ಮ್ಯಾಲ ಚಾ ಕುಡ್ಯಾಂವ, ಅದೂ ಸಕ್ಕರಿ ಮುಂದ ಮಾಡಿ. ಕಡೀಕ ಒಂದು ದಿನ ಗ್ವಾಡಿ ಡೊಂಕು ಕಟ್ಟಿದ. ಜನ್ಮದಾಗ ಡೊಂಕು ಕಟ್ಟಿದಾಂವ ಅಲ್ಲ. ಮಾಲಕ ಬೈಯಲಿಲ್ಲಂತ. "ಅಜ್ಜಾ, ಕಣ್ಣು ತೋರಸ್ರಿ" ಅಂದನಂತ. ಬೈದಿದ್ದರ ಚಲೋ ಇತ್ತು ಅಂತ ನನ್ನ ಮುಂದ ಹೇಳಿದ.

ದವಾಖಾನಿಗೆ ಕರಕೊಂಡು ಹೋದೆ. ಡಾಕ್ಟರು ಬೆಳಕು ಬಿಟ್ಟು ನೋಡಿ, "ಎಡಗಣ್ಣು ಹೋಗ್ಯಾದ. ಬಲಗಣ್ಣಿನಾಗೂ ಒಳಗ ರಕ್ತ ಒಸರ್ಲಾಕತ್ತದ. ಆದಷ್ಟು ದಿನ ಉಳಸೋಣು" ಅಂದರು.

"ಎಷ್ಟು ದಿನ ಸಾಹೇಬರ?"

"ಅದು ಹೇಳಾಕ ಬರಂಗಿಲ್ರಿ."

"ಸ್ಲ್ಯಾಬ್ ಹಾಕಿದ್ರ ಹಲಗಿ ಎಂದು ಬಿಚ್ಚಬೇಕು ಅಂತ ನಾ ಹೇಳ್ತೀನಲ್ರಿ!"

ಡಾಕ್ಟರು ನಕ್ಕರು. ನಾ ನಗಲಿಲ್ಲ. ಎಲ್ಲಾ ಮುಗಿಸಿ ಹೊರಗ ಬಂದು ನೋಡ್ತೀನಿ, ಇಂವ ಇಲ್ಲ! ಹುಡುಕಿದ್ರ ಮಂದಿ ಕೂಡೋ ಖೋಲ್ಯಾಗ ಮೀನಿನ ಪೆಟ್ಟಿಗಿ ಮುಂದ ಕುಕ್ಕರಗಾಲಿಲೆ ಕೂತಾನ. ಹಸರು ಗಿಡ, ಬಣ್ಣದ ಮೀನ, ಬುಡುಬುಡು ಗುಳ್ಳಿ.

"ಯಕ್ಕಾ, ಇವು ಸುಳ್ಳು ಗಿಡ. ಪ್ಲಾಸ್ಟಿಕ್."

"ಆಗಲಿ ಬಿಡು, ನಿನಗೇನು ಮೇಯೂದದ?"

ಅಲ್ಲೇ ನಿಂತಿದ್ದ ಕಂಪೌಂಡರು ಸುಮ್ಮನಿರಬೇಕಿಲ್ಲ? "ಖರೇ ಗಿಡನೂ ನೀರಾಗ ಬೆಳಸ್ತಾರ ಅಜ್ಜಾ. ತಳ ಪೂರಾ ಹಸರ ಹುಲ್ಲು ಮಾಡ್ತಾರ. ಅದು ರೊಕ್ಕ ಇದ್ದವರ ಕೆಲಸ" ಅಂದ. ಮುಗೀತು! ರೊಕ್ಕ ಇದ್ದವರ ಕೆಲಸ ಅಂದ್ರ ನನ್ನ ತಮ್ಮಗ ಕಿವಿ ನಿಮಿರ್ತಾವ. ಅಂಥವರ ಮನೀನೇ ಕಟ್ಟಿ ಬಿಟ್ಟಾನಲ್ಲ, ಹುಲ್ಲು ಯಾವ ಲೆಕ್ಕ!

ಸುದ್ದಿ ಕೇಳಿ ಬೀಗರು ಬಿಜ್ಜರು ಬಂದರು. ಕಣ್ಣಿರತನಾ ಕಾಶಿ ನೋಡಿ ಬಾ ಅಂದ್ರು ಒಬ್ಬರು. ಸಮುದ್ರ ನೋಡು ಅಂದ್ರು ಇನ್ನೊಬ್ಬರು. "ಸಮುದ್ರ ಭಾಳ ದೊಡ್ಡದು, ಒಂದು ಕಣ್ಣಿನಾಗ ಹಿಡಸಂಗಿಲ್ಲ" ಅಂದ ಇಂವ. ಅವರು ಹೋದ ಮ್ಯಾಲ ನಾ ಕೇಳಿದೆ, "ಹುಚ್ಚಾ, ಅದರಾಗ ಏನು ನೋಡ್ತಿ?"

"ಯಕ್ಕಾ, ನಾ ಮಾಡಿದ್ದೆಲ್ಲಾ ಒಣಗಿದ ಮ್ಯಾಲೇ ಮುಗೀತಿತ್ತು. ಒಣಗಿತು, ಬಿಟ್ಟು ಬಂದೆ. ನಾ ಮಾಡಿದ್ದು ಬೆಳಿಯೋದು ಒಂದು ಸಲ ನೋಡಬೇಕು. ತಳ ಪೂರಾ ಹಸರಾಗೂತನಾ ಕಣ್ಣು ಇದ್ದರ ಸಾಕು."

ಇಷ್ಟೇ ಆಂವನ ಆಸೆ. ಹುಲ್ಲು ಮೊದಲೋ ಕಣ್ಣು ಮೊದಲೋ ಅಂತ ಓಟಕ್ಕ ಬಿಟ್ಟಂಗಾತು.

ರೊಕ್ಕಂತೂ ಇಲ್ಲ. ಜಗತ್ ಸರ್ಕಲ್ ಕಡೆ ಗುಜರಿ ಅಂಗಡ್ಯಾಗ ಹಳೇ ಗಾಜಿನ ಪೆಟ್ಟಿಗಿ ಸಿಕ್ಕಿತು, ಒಂದು ಮೂಲ್ಯಾಗ ಸೋರೂದು. ಅದನ್ನ ಕಟ್ಟಿ ಮ್ಯಾಲ ಇಟ್ಟು, ಪೈಪಿನಾಗ ನೀರು ತುಂಬಿ ಮಟ್ಟ ಹಿಡದ. ಆ ಕಡೆ ಎತ್ತು, ಈ ಕಡೆ ಇಳಸು! ನನ್ನ ಮನಿ ಕಟ್ಟುವಾಗ ಇಷ್ಟು ಮಟ್ಟ ನೋಡಲಿಲ್ಲ ಈ ಮಗಾ. ಅಡಗಿ ಮನ್ಯಾಗ ನೀರು ಚೆಲ್ಲಿದ್ರ ಇವತ್ತಿಗೂ ಒಲಿ ಕಡೆ ಹರೀತದ.

ರೋಜಾ ಓಣಿ ಹತ್ತಿರ ಬಣ್ಣದ ಮೀನ ಮಾರೋ ಸಾಬರ ಅಂಗಡಿ ಅದ. ಆಂವ ಹೇಳಿದ, "ಚಾಚಾ, ಸೋರೂದಕ್ಕ ಈ ಗಾಜಿನ ಗೋಂದು ಹಚ್ಚ್ರಿ. ಪಹಲೇ ಪಾನಿ, ಆಮ್ಯಾಲ ಗಿಡ, ಆಖರಿಗೆ ಮೀನು. ನೀರು ಪಕ್ಕಾ ಆಗಬೇಕು, ಜಲ್ದಿ ಮಾಡಬ್ಯಾಡ್ರಿ."

"ನೀರು ನಿಲ್ಲಿಸಿ ಕಾಯೋದಾ? ಅದು ಸ್ಲ್ಯಾಬಿಗೆ ಮಾಡೋ ಕ್ಯೂರಿಂಗ್! ನನಗ ಹೇಳಿಕೊಡ್ತಿ?" ಅಂದ ಇಂವ. ಗೋಂದು ಮಾತ್ರ ತರಲಿಲ್ಲ. ಜನ್ಮ ಪೂರಾ ಸಿಮೆಂಟಿನಾಗ ಕಳದಾಂವಗ ಗೋಂದು ಯಾಕ? ಬಿಳಿ ಸಿಮೆಂಟು ಕಲಸಿ ಸೋರೋ ಮೂಲಿ ಬಂದ ಮಾಡಿದ. ಕೈ ಸುಮ್ಮನಿರಬೇಕಲ್ಲ, ಒಳಗ ಸಣ್ಣದೊಂದು ಕಟ್ಟಿ, ಕಟ್ಟಿಗೆ ಪಾವಟಿಗಿ! ಮೀನ ಪಾವಟಿಗಿ ಹತ್ತತಾವೇನ್ರಿ? ಬಾಜೂ ಮನಿಯಾಕಿ ಬಂದು, "ಭಾರಿ ಆಗ್ಯಾದ್ರಿ. ಮೀನ ಯಾವಾಗ ಬಿಡ್ತೀರಿ? ದೊಡ್ಡವಾದ್ರ ಸಾರಿಗೆ ಹೇಳಿ ಕಳಸ್ರಿ" ಅಂದಳು. ಇಂವ ಆಕಿ ಕೂಡ ಮಾತು ಬಿಟ್ಟ.

ಗಿಡ ನೆಡೂತನಾ ಕಾಯಲಿಲ್ಲ, ಮೀನ ತಂದು ಬಿಟ್ಟ. ಮುಂಜಾನೆ ಬಿಟ್ಟವು ಸಂಜೀಕ ಹೊಟ್ಟಿ ಮ್ಯಾಲ ಮಾಡಿ ತೇಲಿದವು. ಒಂದೂ ಉಳೀಲಿಲ್ಲ. ಸಾಬರ ಕಡೆ ಓಡಿದ.

"ಸಿಮೆಂಟ್ ಹಾಕೀರೇನು? ಯಾ ಅಲ್ಲಾ! ಸಿಮೆಂಟಿನ ಸುಣ್ಣ ನೀರಾಗ ಬಿಡ್ತದ ಚಾಚಾ. ಮೀನಿಗೆ ಮನಿ ಕಟ್ಟಿಲ್ಲ ನೀವು, ಗೋರಿ ಕಟ್ಟೀರಿ!"

ಆವತ್ತ ಇಂವ ರೊಟ್ಟಿ ಮುಟ್ಟಲಿಲ್ಲ. ಉಳಿ ಸುತ್ತಿಗಿ ತಗೊಂಡು ಕಟ್ಟಿದ್ದೆಲ್ಲಾ ಕೆತ್ತಿ ತಗದ. ಜನ್ಮದಾಗ ತಾನು ಕಟ್ಟಿದ್ದು ತಾನೇ ಕೆಡವಿದ್ದು ಅದೊಂದೇ. ಮುಂದ ಬಾಯಿ ಮುಚ್ಚಿಕೊಂಡು ಗೋಂದು ಹಚ್ಚಿದ.

ಈಗ ಮಣ್ಣು ಬೇಕು. ಅಂಗಡ್ಯಾಗ ಇದಕ್ಕಂತನೇ ಮಣ್ಣು ಮಾರ್ತಾರಂತ! ಮಣ್ಣು ರೊಕ್ಕ ಕೊಟ್ಟು ತರೂದಂದ್ರ ನನಗ ಸಿಟ್ಟು ಬಂತು. ಸಾಬನೇ ಹೇಳಿದ, ಕೆಂಪು ಮಣ್ಣು ಆದ್ರೂ ನಡೀತದ, ಮ್ಯಾಲ ಉಸುಕು ಮುಚ್ಚರಿ ಅಂತ. ನಾವು ಹುಟ್ಟಿದ್ದು ಕಮಲಾಪುರ. ಕೆಂಪು ಬಾಳಿಹಣ್ಣು ಬೆಳಿಯೋ ಊರು. ನಮ್ಮ ದೊಡ್ಡಪ್ಪನ ಮಗ ಅಲ್ಲಿ ಬಾಳಿ ತ್ವಾಟ ಮಾಡ್ಯಾನ. ನಾನೂ ಹೊಂಟೆ, ಯಾಕಂದ್ರ ಬಸ್ಸಿನ ಬೋರ್ಡು ಓದಬೇಕಲ್ಲ? ಇಂವಗ ಓದಾಕ ಬರ್ತದ, ಕಾಣಂಗಿಲ್ಲ. ನನಗ ಕಾಣ್ತದ, ಓದಾಕ ಬರಂಗಿಲ್ಲ. ನಾ ಅಕ್ಷರದ ಆಕಾರ ಹೇಳೂದು, ಇಂವ ಕೂಡಿಸಿ ಊರ ಹೆಸರು ಮಾಡೂದು. ಅಷ್ಟರಾಗ ಬಸ್ಸು ಹೋಗಿರ್ತಿತ್ತು.

ತ್ವಾಟಕ್ಕ ಹೋಗಿ, "ತಮ್ಮಾ, ಒಂದು ಚೀಲ ಮಣ್ಣು ಕೊಡು" ಅಂದ. ದೊಡ್ಡಪ್ಪನ ಮಗನ ಮಾರಿ ಬಿಳುಪೇರಿತು.

"ಖರೇ ಹೇಳಣ್ಣಾ, ವಕೀಲಗ ಕಂಡು ಬಂದೀಯೇನು? ಪಾಲು ಕೇಳ್ತಿ?"

"ಪಾಲು ಬ್ಯಾಡೋ. ಒಂದೇ ಚೀಲ ಮಣ್ಣು."

"ಒಯ್ದು ಏನು ಮಾಡ್ತಿ?"

"ನೀರಾಗ ಹಾಕ್ತೀನಿ."

ತೀರಿತು! ಪಾಲು ಕೇಳಿದ್ದರೂ ಅಷ್ಟು ಹೆದರ್ತಿರಲಿಲ್ಲ ಆಂವ. ಮಂದಿ ಹೊಲದ ಮಣ್ಣು ಒಯ್ದು ನೀರಾಗ ಹಾಕ್ಯಾರಂದ್ರ ಮಾಟ ಮಾಡಸ್ಲಾಕತ್ತಾರಂತನೇ ಅರ್ಥ. ಆಂವನ ಹೆಂಡತಿ ಸೆರಗು ಬಿಗಿದು ಮುಂದ ಬಂದಳು, "ಇವತ್ತ ಶುಕ್ರವಾರ ಅದ. ಹೊಲದ ಮಣ್ಣು ಹೊರಗ ಕೊಡಂಗಿಲ್ಲ. ಲಕ್ಷ್ಮಿ ಹಿಂದೇ ಹೊಂಟು ಬಿಡ್ತಾಳ."

"ನಾಳೆ ಕೊಡ್ತೀಯೇನವ್ವಾ? ಮಲಗಿ ಒಯ್ತೀನಿ" ಅಂತ ಇಂವ ಕಟ್ಟಿ ಮ್ಯಾಲ ಟಾವೆಲ್ ಹಾಸೇ ಬಿಟ್ಟ! ಅವರಿಗೆ ಇನ್ನೂ ಸಂಶಯ. ಕಡೀಕ ನಾನೇ ಬಾಯಿ ಬಿಟ್ಟೆ.

"ಲೇ, ಇವನ ಕಣ್ಣು ಹೋಗ್ಲಾಕತ್ತಾವ. ಹೋಗೂದರಾಗ ನೀರಾಗ ಹುಲ್ಲು ನೋಡಬೇಕಂತ. ಮಾಟಾ ಇಲ್ಲ, ಮಣ್ಣಂಗಟ್ಟಿ ಇಲ್ಲ. ಕೊಡ್ತೀಯೋ ಇಲ್ಲೋ?"

ಆ ಹೆಣ್ಣಮಗಳು ಒಳಗ ಹೋಗಿ ಚಾ ತಂದಳು, ಸಕ್ಕರಿ ಹಾಕಿದ್ದಿಲ್ಲ. ಶನಿವಾರ ಹೊತ್ತು ಹುಟ್ಟೂದರಾಗ ದೊಡ್ಡಪ್ಪನ ಮಗ ತಾನೇ ಅಗದು ಚೀಲ ತುಂಬಿದ್ದ. ಬಾವಿಯೊಳಗಿನ ಎಳೆ ಎಳೆ ಪಾಚಿ ಗಿಡನೂ ಒಂದು ಡಬ್ಬ್ಯಾಗ ಹಾಕಿ ಕೊಟ್ಟ. ಮ್ಯಾಲ ಒಂದು ಹಣಿಗಿ ಕೆಂಪು ಬಾಳಿಹಣ್ಣು. ಇಂವ ತಿನ್ನಂಗಿಲ್ಲಲ್ಲ, ಬಸ್ಸಿನಾಗ ದಾರಿ ಪೂರಾ ಮೂಸಿಕೋತ ಬಂದ. ಕಂಡಕ್ಟರ್ ಚೀಲ ಒದ್ದು ಕೇಳಿದ, "ಏನದ ಅಜ್ಜಾ ಇದರಾಗ?"

"ಮಣ್ಣು."

"ಕಲಬುರಗ್ಯಾಗ ಮಣ್ಣಿಲ್ಲೇನು?"

"ಅಲ್ಲೀದು ಎರಿ ಮಣ್ಣಪ್ಪಾ. ಬೀಗರಂಗ ಕಾಲಿಗೆ ಅಂಟಿದ್ರ ಬಿಡಂಗಿಲ್ಲ."

ಮಣ್ಣು ಹಾಕಿದ, ಉಸುಕು ಸಾಣಿಸಿ ಮುಚ್ಚಿದ, ನೀರು ನಿಲ್ಲಿಸಿ ಕಾದ. ಸಾಬ ತನ್ನ ಅಂಗಡಿ ಗಿಡ ಕತ್ತರಿಸಿದಾಗ ಒಗಿಯೋ ತುಣುಕು ಎತ್ತಿಟ್ಟಿರ್ತಿದ್ದ, ಅವನ್ನ ತಂದ. ಹುಲ್ಲಿನ ಸಣ್ಣ ಸಣ್ಣ ಬೇರು. ಅವನ್ನ ನೆಡಾಕ ನನ್ನ ರೊಟ್ಟಿ ಚಿಮಟಾ! ಒಂದೇ ಕಣ್ಣಿದ್ದರ ದೂರ ಹತ್ತಿರ ತಿಳಿಯಂಗಿಲ್ಲ ನೋಡ್ರಿ. ಉಸುಕಿಗೆ ನೆಟ್ಟೆ ಅಂತ ಚಿಮಟಾ ಬಿಟ್ರ ಹುಲ್ಲು ನಡುನೀರಾಗೇ ಇರ್ತಿತ್ತು, ತೇಲಿ ಮ್ಯಾಲ ಬರ್ತಿತ್ತು. ಮತ್ತ ನೆಡಾಂವ. ಮತ್ತ ತೇಲಿ ಬರೂದು. ನಾ ನಗ್ತಿದ್ದೆ. ಖರೇ ಹೇಳ್ತೀನಿ, ಹೊಟ್ಟಿ ಹಿಡಕೊಂಡು ನಗ್ತಿದ್ದೆ. ಆಮ್ಯಾಲ ಆಂವ ಗ್ವಾಡಿ ನೆಟ್ಟಗ ಅದೇನಂತ ನೋಡೋ ತೂಕದ ಗುಂಡು ದಾರಕ್ಕ ಕಟ್ಟಿ ನೀರಾಗ ಇಳಿಬಿಟ್ಟ. ಗುಂಡು ಉಸುಕಿಗೆ ತಾಕಿದ್ದು ಬೆರಳಿಗೆ ಗೊತ್ತಾಗ್ತಿತ್ತು, ಅದರ ಬಾಜೂಕ ಚಿಮಟಾ ಇಳಿಸಿ ನೆಡ್ತಿದ್ದ. ಅದನ್ನ ನೋಡಿ ನನ್ನ ನಗು ನಿಂತಿತು.

ಬೆಳಕು ಬೇಕಂತ ಗಿಡಕ್ಕ. ಸಿಮೆಂಟು ಹೊರೋ ಕಬ್ಬಿಣದ ಬುಟ್ಟಿ ಬೋರಲು ಹಾಕಿ, ನಡುವ ತೂತು ಹೊಡದು ಬಲ್ಬು ಇಳಿಬಿಟ್ಟ. ಅಡಗಿ ಮನಿ ಬಲ್ಬದು! ನಾನು ಕತ್ತಲ್ಯಾಗ ರೊಟ್ಟಿ ಬಡೀಬೇಕು, ಹುಲ್ಲು ಬೆಳಕಿನಾಗ ಕೂತಿರಬೇಕು. ಎಂಥಾ ನ್ಯಾಯ ಹೇಳ್ರಿ!

ಇಷ್ಟರಾಗ ನನ್ನ ಡಬ್ಬ್ಯಾಗಿನ ಸಕ್ಕರಿ ಕಮ್ಮಿ ಆಗ್ಲಾಕತ್ತಿತು. ನಾ ಹಿಡೀಬೇಕಂತ ಬಾಗಲ ಹಿಂದ ನಿಂತೆ. ಬಂದ, ಡಬ್ಬಿ ತಗದ, ಮುಟಗಿ ತುಂಬಿಕೊಂಡ. ಹಿಡದೇ ಬಿಟ್ಟೆ ಕೈ!

"ಭಾಡ್ಯಾ! ಒಂದು ಕಣ್ಣು ತಿಂದದ ಇದು, ಇನ್ನೊಂದೂ ತಿನಸ್ತೀಯೇನು?"

"ನಾ ತಿಂದಿಲ್ಲಕ್ಕಾ! ಹುಲ್ಲಿಗೆ!"

ಒಯ್ದು ತೋರಿಸಿದ. ಬಾಟಲ್ಯಾಗ ಸಕ್ಕರಿ ನೀರು, ಬ್ರೆಡ್ಡಿಗೆ ಹಾಕೋ ಈಸ್ಟು, ಬಾಯಿಗೆ ಸಲೈನ್ ಪೈಪು. ಅದರಾಗಿಂದ ಗಾಳಿ ಹುಟ್ಟಿ ನೀರಾಗ ಗುಳ್ಳಿ ಗುಳ್ಳಿ ಹೋಗ್ತಿತ್ತು. ಆ ಗಾಳಿ ಉಂಡು ಹುಲ್ಲು ಜೋರು ಬೆಳೀತದಂತ, ಸಾಬ ಹೇಳಿಕೊಟ್ಟಾನ. ದೊಡ್ಡ ಮಂದಿ ಇದಕ್ಕ ಸಿಲಿಂಡರ್ ಇಡ್ತಾರಂತ.

"ನನ್ನ ಕಣ್ಣು ತಿಂದ ಸಕ್ಕರಿ ಇದು. ಒಂದಿಷ್ಟು ದುಡೀಲಿ ಬಿಡು" ಅಂದ.

ಮರುದಿನದಿಂದ ನನ್ನ ಚಾಕ್ಕ ಬೆಲ್ಲ ಹಾಕಿಕೊಂಡೆ. ಬೆಲ್ಲದ ಚಾ ನನಗ ಸೇರಂಗಿಲ್ಲ.

ಹುಲ್ಲು ಮೊದಲು ಕೊಳೀತು. ನೆಟ್ಟದ್ದೆಲ್ಲಾ ಹಳದಿ ಆಗಿ ಲೋಳಿ ಲೋಳಿ ಆತು. "ಹೊಸಾ ನೀರಿಗೆ ಬಂದದ, ಹಳೇ ಎಲಿ ಬಿಡ್ತದ, ಬೇರಿಗೆ ಜೀವ ಅದ" ಅಂದ ಸಾಬ. ಅದರಂಗ ಆತು. ಉಸುಕಿನಾಗಿಂದ ಸೂಜಿಯಂಥಾ ಹಸರು ಎದ್ದಿತು. ಗುಂಪು ಗುಂಪು ಇದ್ದದ್ದು ಒಂದಕ್ಕೊಂದು ಕೈ ಹಿಡದು ಕೂಡ್ಲಾಕತ್ತಿತು. ಹೊಸಾ ಮೀನ ಬಂದವು, ಬದುಕಿದವು. ಇಂವ ಕುರ್ಚಿ ಹಾಕಿಕೊಂಡು ಕೂಡಾಂವ. ಉಣ್ಣೂದೂ ಅಲ್ಲೇ.

ಆದರ ನಾ ಒಂದು ನೋಡ್ಲಾಕತ್ತಿದ್ದೆ. ಕುರ್ಚಿ ದಿನಾ ಒಂದಿಷ್ಟು ಮುಂದ ಹೋಗ್ತಿತ್ತು. ಆಮ್ಯಾಲ ಕುರ್ಚಿ ಬಿಟ್ಟು ಕುಕ್ಕರಗಾಲಿಲೆ ಕೂತ. ಆಮ್ಯಾಲ ಮೂಗು ಗಾಜಿಗೆ ಹತ್ತಿತು. ತಳ ಎಲ್ಲಾ ಹಸರಾಗಿತ್ತು, ಒಂದು ಮೂಲಿ ಮಾತ್ರ ಬೋಳು ಉಳದಿತ್ತು. "ಇಷ್ಟೇ ಬಾಕಿ ಅದ ಯಕ್ಕಾ, ಇಷ್ಟೇ" ಅಂತಿದ್ದ. ದವಾಖಾನಿಗೆ ಮತ್ತ ಹೋದೆವು. ಡಾಕ್ಟರು ಮೊದಲಿನಂಗ ನಗಲಿಲ್ಲ.

ಒಂದು ಮುಂಜಾನೆ ನಾ ರೊಟ್ಟಿ ಬಡೀಲಾಕತ್ತಿದ್ದೆ. ಗಾಜು ತಿಕ್ಕೋ ಸಪ್ಪಳ ಕೇಳಿಸ್ತು. ಪೇಪರ್ ತಗೊಂಡು ತಿಕ್ಕಿದ್ದೇ ತಿಕ್ಕಿದ್ದು.

"ಯಕ್ಕಾ, ನೀರು ಯಾಕ ಹಿಂಗ ರಾಡಿ ಆಗ್ಯಾದ? ನೀ ಏನರೇ ಚೆಲ್ಲೀಯೇನು ಇದರಾಗ?"

ಹೋಗಿ ನೋಡಿದೆ. ನೀರು ಹರಳಿನಂಗ ಇತ್ತು. ಒಂದೊಂದು ಎಳಿ ಹುಲ್ಲು ಎಣಿಸಬಹುದಿತ್ತು. ಮೀನ ಆಂವನ ಕೈ ಹೋದ ಕಡೆ ಹೋಗ್ಲಾಕತ್ತಿದ್ದವು.

ಸುಳ್ಳು ಹೇಳಬಹುದಿತ್ತು. ನನಗ ಬರಂಗಿಲ್ಲ ಅದು.

"ನೀರು ತಿಳಿ ಅದನೋ" ಅಂದೆ.

ಆಂವನ ಕೈ ನಿಂತಿತು. ಪೇಪರು ಮಡಚಿದ, ನೆಟ್ಟಗ ಅಂಚಿಗೆ ಅಂಚು ಕೂಡಿಸಿ ಮಡಚಿದ. ಬಾಜೂಕ ಇಟ್ಟ. ನಾ ಒಳಗ ಬಂದು ಉಳದ ಹಿಟ್ಟು ಬಡದೆ. ಮತ್ತೇನು ಮಾಡಬೇಕಿತ್ತು?

ಆಮ್ಯಾಲ ಹಗಲು ರಾತ್ರಿ ಅನ್ನೂದಷ್ಟೇ ಗೊತ್ತಾಗ್ತಿತ್ತು ಆಂವಗ. ಹುಲ್ಲು ಓಟದಾಗ ಸೋತಿತು. ಆಂವನ ಕಾಟ ಮಾತ್ರ ಹೆಚ್ಚಾತು. ಸಂಜೀಕ ಕೂತು ಕೇಳಾಂವ, "ಏನು ಮಾಡ್ಲಾಕತ್ತಾವ ಮೀನ?"

"ಮೀನ ಮೀನಿನ ಕೆಲಸಾ ಮಾಡ್ಲಾಕತ್ತಾವ."

"ಹುಲ್ಲು?"

"ಎಲ್ಲಿ ಹೋಗ್ತದ? ಅಲ್ಲೇ ಅದ."

"ಮೂಲಿ?"

"ಬೋಳೇ ಅದ."

ಇಷ್ಟೇ ನನ್ನ ವರದಿ. ದಿನಾ ಕೇಳಿದ, ದಿನಾ ಇಷ್ಟೇ ಹೇಳಿದೆ. ಒಲಿ ಮುಂದ ಕೂತಾಕಿಗೆ ಇನ್ನೆಷ್ಟು ಬರ್ತದ? ಬರಬರತಾ ಕೇಳೂದು ಕಮ್ಮಿ ಮಾಡಿದ. ಕಡೀಕ ಬಿಟ್ಟೇ ಬಿಟ್ಟ. ಹೊರಗ ಕಟ್ಟಿ ಮ್ಯಾಲ ಗ್ವಾಡಿಗೆ ಬೆನ್ನು ಕೊಟ್ಟು ಕೂಡಾಕತ್ತಿದ. ಓಣಿ ಮಂದಿ ಮಾತಾಡಿಸಿದ್ರ ಹೂಂ ಅಂತಿದ್ದ. ಪೀಡಾ ಹೋತು, ಇನ್ನ ನನ್ನ ಬಲ್ಬು ನನಗ ಬರ್ತದ ಅಂದುಕೊಂಡೆ. ಬಲ್ಬು ತಗೀಲಿಲ್ಲ. ಸಕ್ಕರಿ ನೀರೂ ನಾನೇ ತುಂಬ್ತಿದ್ದೆ. ಯಾಕ ಅಂತ ಕೇಳಬ್ಯಾಡ್ರಿ.

ಮೊನ್ನೆ ಸಂಜೀಕ ತವಾ ಮ್ಯಾಲ ರೊಟ್ಟಿ ಹಾಕಿದ್ದೆ. ನೀರಿನ ಚಂಬು ಎತ್ತಲಾಕ ಆ ಕಡೆ ಹೋದೆ. ಬೋಳು ಮೂಲಿ ಇರಲಿಲ್ಲ. ಹುಡುಕಿದೆ, ಇಲ್ಲ. ಗಾಜಿನಿಂದ ಗಾಜಿನ ತನಾ ಹಸರು.

"ಲೇ, ಬಾ ಇಲ್ಲಿ."

"ಯಾಕ?"

"ಬಾ ಅಂದ್ರ ಬರಬೇಕು."

ಗ್ವಾಡಿ ಹಿಡಕೋತ ಬಂದ. ಆಂವನ ತೋಳು ಮ್ಯಾಲ ಏರಿಸಿ ಕೈ ಹಿಡಕೊಂಡು ನೀರಾಗ ಇಳಿಸಿದೆ. ನನ್ನ ಕೈಯೂ ಹೋತು, ಬಳಿ ತನಾ. ತಣ್ಣಗ ಇತ್ತು. ಮೂಲ್ಯಾಗ ಒಯ್ದು ಆಂವನ ಬೆರಳು ಹುಲ್ಲಿನ ಮ್ಯಾಲ ಇಟ್ಟೆ. ಗಿಲಾವು ಮಾಡಿದ ಗ್ವಾಡಿ ಸವರಿ ನೋಡ್ತಿದ್ದನಲ್ಲ, ಹಂಗ ಸವರಿದ. ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ. ಎಲ್ಲೂ ಕೈ ತಡೀಲಿಲ್ಲ.

"ಎಂಥಾ ಹಸರು ಅದ ಯಕ್ಕಾ?"

"ಹಸರಂದ್ರ ಹಸರೋ" ಅಂದೆ. ಆಂವ ಗೋಣು ಹಾಕಿದ, ಕೈ ಹೊರಗ ತಗೀಲಾಕ ಹೊಂಟ. ನಾ ಬಿಡಲಿಲ್ಲ.

"ತಡಿ. ಮುಂಜಾನಿ ಜ್ವಾಳ ಮೊಳಕಿ ಒಡದಿರ್ತದ ನೋಡು, ಹೊತ್ತು ಆ ಕಡೆಯಿಂದ ಬಿದ್ದಾಗ ಎಲ್ಯಾಗ ಬೆಳಕು ಪಾರಾಗ್ತದಲ್ಲ, ಅಂಥಾ ಹಸರು. ತುದಿಗೆ ಸಣ್ಣ ಸಣ್ಣ ಗಾಳಿ ಗುಳ್ಳಿ ಕೂತಾವ, ಇಬ್ಬನಿ ಬಿದ್ದಂಗ. ಒಂದು ಬಸರ ಮೀನ ಅದರೊಳಗ ಹೊಕ್ಕದ, ಬಾಲ ಅಷ್ಟೇ ಕಾಣ್ತದ. ನಿನ್ನ ನಡು ಬೆರಳಿಗೆ ಮರಿ ಮೀನ ಒಂದು ಬಂದು ಬಾಯಿ ಹಚ್ಯಾದ. ಗೊತ್ತಾತೇನು?"

"ಗೊತ್ತಾತು. ಇನ್ನೂ ಹೇಳು."

ತವಾ ಮ್ಯಾಲ ರೊಟ್ಟಿ ಕರಕಾದ ವಾಸನಿ ಬಂತು. ಸುಡಲಿ ಬಿಡು ಅಂತ ಹೇಳಿಕೋತ ಕೂತೆ.